ಪ್ರಯೋಗಶಾಲೆಯ ಗಡಿಗೆ

ಊರೆಲ್ಲ ಕೈಮುಗಿಯುವ ಮನುಷ್ಯನನ್ನು ಕಂಡರೆ ನನಗೊಬ್ಬಳಿಗೇ ಹೇಸಿಗೆಯಾಗುತ್ತದೆ ಎಂದ ಮೇಲೆ ದೋಷ ನನ್ನ ಕಣ್ಣಿನದೇ ಇರಬೇಕು ಎಂದು ಬಹಳ ದಿನ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ನಮ್ಮ ಕೆಮಿಸ್ಟ್ರಿ ಸರ್ ಹೋದ ತಿಂಗಳು ನಿವೃತ್ತರಾದರು. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಕೊಪ್ಪಳದಲ್ಲಿ ದೊಡ್ಡ ಸಮಾರಂಭ ಮಾಡಿದರು. ಇನ್ನು ನೆನಪಿನ ಸಂಚಿಕೆಯೊಂದು ಬರಲಿದೆಯಂತೆ. ನಾನು ಕುಷ್ಟಗಿ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಅವರಿಂದ ಕಲಿತು ಟೀಚರ್ ಆದವಳು ಅಂತ ಎರಡು ಪುಟ ಬರೆದುಕೊಡಲು ಸಂಚಿಕೆಯವರು ವಾರಕ್ಕೆರಡು ಸಲ ಫೋನು ಮಾಡುತ್ತಾರೆ. ಸರ್ ಬಗ್ಗೆ ನಾಲ್ಕು ಛಲೋ ಮಾತು ಸಾಕಂತೆ. ನಾಲ್ಕೇಕೆ, ಹತ್ತು ಬರೆಯಬಹುದು. ಹತ್ತೂ ನಿಜವೇ ಆಗಿರುತ್ತವೆ. ತೊಂದರೆ ಇರುವುದೇ ಅಲ್ಲಿ.

ಮೊದಲು ಛಲೋ ಮಾತುಗಳನ್ನೇ ಬರೆದು ಮುಗಿಸುತ್ತೇನೆ.

ನನ್ನೂರು ತಳಕಲ್. ಪಿಯುಸಿ ಮುಗಿದ ಮೇಲೆ ಓದು ಸಾಕು ಅಂತ ಅಪ್ಪ ತೀರ್ಮಾನಿಸಿ ಆಗಿತ್ತು. ಒಂದು ಮಧ್ಯಾಹ್ನ ಹಳೆಯ ಸ್ಕೂಟರಿನಲ್ಲಿ, ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು, ಗುರುತು ಪರಿಚಯವಿಲ್ಲದ ಈ ಮನುಷ್ಯ ನಮ್ಮ ಮನೆಯ ಕಟ್ಟೆಯ ಮೇಲೆ ಬಂದು ಕೂತರು. ರೊಟ್ಟಿ, ಪುಂಡಿಪಲ್ಯ ತಿಂದರು. ಕುರಿಗಳಿಗೆ ಬಂದ ಜಡ್ಡಿನ ಬಗ್ಗೆ ಅಪ್ಪನ ಜೊತೆ ಒಂದು ತಾಸು ಮಾತಾಡಿದರು. ಕಾಲೇಜಿನ ಸುದ್ದಿ ತೆಗೆದದ್ದು ಎದ್ದು ಚಪ್ಪಲಿ ಮೆಟ್ಟುವಾಗ.

"ಯಜಮಾನ್ರ, ಹುಡುಗಿಗೆ ತಲಿ ಐತಿ. ಮನಿಯಾಗ ಇಟ್ಕೊಂಡು ಅದನ್ನ ಉಪ್ಪಿನಕಾಯಿ ಹಾಕಾಕ ಬರಾಂಗಿಲ್ರಿ."

ಅಪ್ಪ ನಕ್ಕುಬಿಟ್ಟ. ಆ ನಗುವಿನಿಂದಾಗಿ ನಾನು ಬಿ.ಎಸ್ಸಿ. ಸೇರಿದೆ. ವಿಜ್ಞಾನಕ್ಕೆ ಹುಡುಗರು ಬರದಿದ್ದರೆ ಆ ವಿಭಾಗವೇ ಮುಚ್ಚಿಹೋಗಿ ಸರ್‌ಗೆ ದೂರ ವರ್ಗವಾಗುತ್ತಿತ್ತು, ಅದಕ್ಕೇ ಅವರು ಪ್ರತಿ ವರ್ಷ ಯಲಬುರ್ಗಾ, ಗಂಗಾವತಿ ಹಳ್ಳಿಗಳನ್ನು ಸುತ್ತಿ ಮಕ್ಕಳನ್ನು ಆರಿಸಿ ತರುತ್ತಿದ್ದರು ಎಂದು ಆಮೇಲೆ ತಿಳಿಯಿತು. ತಿಳಿದರೇನು, ಉಪಕಾರ ಉಪಕಾರವೇ. ಅವರು ಬಾರದಿದ್ದರೆ ನಾನು ಇವತ್ತು ಈ ಮೇಜಿನ ಮುಂದೆ ಕೂತು ಅವರನ್ನು ಬೈಯುವ ಮಟ್ಟಕ್ಕೂ ಬರುತ್ತಿರಲಿಲ್ಲ.

ಇನ್ನೊಂದು ಛಲೋ ಮಾತು: ಅವರು ಯಾರಿಗೂ ಗದರಿದ್ದನ್ನು ನಾನು ಕಂಡಿಲ್ಲ. ಹುಡುಗಿಯರೆಲ್ಲ ಅವರಿಗೆ "ಯವ್ವಾ", ಹುಡುಗರೆಲ್ಲ "ತಮ್ಮಾ". ಯಾರಾದರೂ ಬಿಸಿಲಿಗೆ ತಲೆತಿರುಗಿ ಕೂತರೆ ತಮ್ಮ ಪ್ಯಾಂಟಿನ ಕಿಸೆಯಿಂದ ಉಳ್ಳಾಗಡ್ಡಿ ತೆಗೆದು, ಅಂಗೈಯಿಂದ ಗುದ್ದಿ ಒಡೆದು, ಮೂಗಿಗೆ ಹಿಡಿಯುತ್ತಿದ್ದರು. ಉಳ್ಳಾಗಡ್ಡಿ ಇಟ್ಟುಕೊಂಡವನಿಗೆ ಝಳ ಬಡಿಯುವುದಿಲ್ಲ ಎಂದು ಅವರ ನಂಬಿಕೆ. ಇಪ್ಪತ್ತೆಂಟು ವರ್ಷ ರಸಾಯನಶಾಸ್ತ್ರ ಕಲಿಸಿದವರ ಮೈಯಿಂದ ರಾಸಾಯನಿಕಗಳ ವಾಸನೆಗಿಂತ ಉಳ್ಳಾಗಡ್ಡಿ ವಾಸನೆಯೇ ಮುಂದಾಗಿ ಬರುತ್ತಿತ್ತು.

ಇಲ್ಲಿಗೆ ಛಲೋ ಮಾತು ಮುಗಿದವು.

ಬಾಯಲ್ಲಿ ಯಾವಾಗಲೂ ಎಲೆ, ಅಡಿಕೆ, ತಂಬಾಕು. ಉಗುಳುವುದು ಲ್ಯಾಬಿನ ಸಿಂಕಿಗೆ. ನಾವು ಪಿಪೆಟ್ ತೊಳೆಯುವ ಸಿಂಕು ಅದು. ಅದರ ಬಿಳಿ ಪಿಂಗಾಣಿ ಯಾವ ಕಾಲಕ್ಕೋ ಕೆಂಪಾಗಿ, ಆ ಕೆಂಪು ಒಣಗಿ ಕಪ್ಪಾಗಿ, ಅದರ ಮೇಲೆ ಮತ್ತೆ ಹಸಿ ಕೆಂಪು ಕೂರುತ್ತಿತ್ತು. ಚಹಾ ಮಾಡುತ್ತಿದ್ದದ್ದು ಬೀಕರಿನಲ್ಲಿ. ಊಟದ ಡಬ್ಬಿ ತೊಳೆದ ನೀರು ಅದೇ ಸಿಂಕಿಗೆ. ಒಂದೊಂದು ದಿನ ಪಿಪೆಟ್ ಬಾಯಿಗಿಟ್ಟು ಎಳೆಯುವಾಗ ಅನ್ನದ ಅಗುಳು ಕಣ್ಣೆದುರಿಗೆ ತೇಲುತ್ತಿರುತ್ತಿತ್ತು.

ಲ್ಯಾಬಿನ ಮೂಲೆಯಲ್ಲಿ, ಆಮ್ಲದ ಸೀಸೆಗಳ ಕಪಾಟಿನ ಪಕ್ಕಕ್ಕೇ, ಮರಳಿನ ಗುಡ್ಡೆಯ ಮೇಲೆ ಕುಡಿಯುವ ನೀರಿನ ಗಡಿಗೆ ಇತ್ತು. ಅದರ ಮೇಲಿನ ಗೋಡೆಗೆ "ಪ್ರಯೋಗಶಾಲೆಯಲ್ಲಿ ತಿನ್ನುವುದು, ಕುಡಿಯುವುದು ನಿಷೇಧ" ಎಂಬ ಬೋರ್ಡು. ಬರೆದವರು ಸರ್, ಗಡಿಗೆ ಇಟ್ಟವರೂ ಸರ್. ದಿನಾ ಬೆಳಿಗ್ಗೆ ಅಟೆಂಡರನಿಗೆ ಬಿಡದೆ ತಾವೇ ಕೊಡ ಹೊತ್ತು ತಂದು ಬೋರಿನ ನೀರು ತುಂಬುತ್ತಿದ್ದರು. ನಮ್ಮ ಕಡೆಯ ಬೋರಿನ ನೀರು ಗೊತ್ತಲ್ಲ, ಕೊಡದ ಕಂಠಕ್ಕೆ ಸುಣ್ಣದ ಬಳೆ ಕಟ್ಟುವಷ್ಟು ಗಡುಸು. ಆದರೂ ಗಡಿಗೆಯಲ್ಲಿ ತಣ್ಣಗಾದರೆ ಕುಡಿಯಬಹುದಿತ್ತು. "ಈ ಗಡಿಗಿ ನೀರು ಕುಡದವ್ರು ಯಾರೂ ಫೇಲ್ ಆಗಿಲ್ಲ" ಎನ್ನುವುದು ಅವರ ದೊಡ್ಡ ಹೆಮ್ಮೆ. ಸಮಾರಂಭದಲ್ಲಿ ಮೂರು ಜನ ಭಾಷಣಕಾರರು ಈ ಮಾತನ್ನು ಹೇಳಿ ಚಪ್ಪಾಳೆ ಗಿಟ್ಟಿಸಿದರು.

ನಾನು ಹೇಳಬೇಕಾದದ್ದು ಒಂದು ಬೇಸಿಗೆಯ ಸಂಗತಿ. ಕಾಲೇಜು ಮುಚ್ಚಿ, ತೆರೆದು, ಮತ್ತೆ ಮುಚ್ಚಿ, ಪರೀಕ್ಷೆಗಳು ಮುಂದೆ ಹೋಗಿ ಹೋಗಿ ವಿಶ್ವವಿದ್ಯಾಲಯದ ಲೆಕ್ಕಾಚಾರವೆಲ್ಲ ತಲೆಕೆಳಗಾಗಿದ್ದ ಕಾಲ. ಅದನ್ನು ಸರಿಮಾಡಲು ನಮ್ಮ ನಾಲ್ಕನೇ ಸೆಮಿಸ್ಟರನ್ನು ಏಪ್ರಿಲ್, ಮೇ ಎರಡೇ ತಿಂಗಳಲ್ಲಿ ಮುಗಿಸಬೇಕೆಂದು ಮೇಲಿನಿಂದ ಆದೇಶ ಬಂತು. ಫಿಸಿಕ್ಸು, ಕೆಮಿಸ್ಟ್ರಿ, ಮ್ಯಾಥ್ಸು, ಮೂರೂ ಸಂಪೂರ್ಣ. ಬೆಳಿಗ್ಗೆ ಏಳಕ್ಕೆ ಲ್ಯಾಬು, ಹನ್ನೊಂದರಿಂದ ಪಾಠ, ನಾಲ್ಕಕ್ಕೆ ಮತ್ತೊಂದು ಲ್ಯಾಬು. ಕೊಪ್ಪಳದ ಏಪ್ರಿಲ್ಲಿನಲ್ಲಿ ನಾಯಿ ಕೂಡ ಹನ್ನೊಂದರ ಮೇಲೆ ನೆರಳು ಬಿಟ್ಟು ಏಳುವುದಿಲ್ಲ. ನಾವು ಆ ಹೊತ್ತಿಗೆ ಇಂಟಿಗ್ರೇಶನ್ ಮಾಡುತ್ತಿದ್ದೆವು. ಮುಂಗೈಯ ಬೆವರಿಗೆ ಶಾಯಿ ಹರಡಿ ಮಧ್ಯಾಹ್ನ ಬರೆದ ಲೆಕ್ಕವನ್ನು ಸಂಜೆ ನಾವೇ ಓದಲಾಗುತ್ತಿರಲಿಲ್ಲ. ಮ್ಯಾಥ್ಸ್ ಸರ್ ಬೋರ್ಡಿನ ಎಡಗಡೆ ಬರೆಯುತ್ತಾ ಬಲಗಡೆ ಒರೆಸುತ್ತಾ ಹೋಗುತ್ತಿದ್ದರು. ಫಿಸಿಕ್ಸ್ ಲ್ಯಾಬಿನಲ್ಲಿ ಬೆಳಕಿನ ಪ್ರಯೋಗಕ್ಕೆಂದು ಕಿಟಕಿಗಳಿಗೆಲ್ಲ ಕರಿಬಟ್ಟೆ ಬಿಗಿದಿದ್ದರು. ಆ ಕತ್ತಲ ಕೋಣೆಯಲ್ಲಿ ಕುದಿಯುವ ಹಳದಿ ದೀಪ, ಅದರ ಸುತ್ತ ಒಂಬತ್ತು ಹುಡುಗಿಯರು, ಒಂಬತ್ತು ಜನರ ಬೆವರು. ಒಬ್ಬಳು ವಾಂತಿ ಮಾಡಿಕೊಂಡಳೆಂದರೆ ಅದನ್ನು ಬಳಿದು ಅಲ್ಲೇ ಮುಂದಿನ ರೀಡಿಂಗು. ಕೆಮಿಸ್ಟ್ರಿಯಲ್ಲಿ ಬರ್ನರಿನ ಉರಿ ಅಲುಗಾಡುತ್ತದೆಂದು ಫ್ಯಾನು ಹಾಕುವಂತಿರಲಿಲ್ಲ. ಇದನ್ನು ಓದು ಎಂದು ಕರೆದವರ ಮೇಲೆ ನನಗೆ ಇನ್ನೂ ಸಿಟ್ಟಿದೆ.

ತಾಳಿಕೊಳ್ಳಲು ಪ್ರತಿಯೊಬ್ಬರೂ ಒಂದೊಂದು ದಾರಿ ಹುಡುಕಿಕೊಂಡರು. ಕೆಲವರು ಬರುವುದನ್ನೇ ಬಿಟ್ಟು ಪರೀಕ್ಷೆಗೆ ಬಂದರಾಯಿತೆಂದರು. ನಾವು ಹಾಸ್ಟೆಲಿನ ಹನ್ನೆರಡು ಜನ ಕೆಲಸ ಹಂಚಿಕೊಂಡೆವು. ಒಬ್ಬಳು ಎಲ್ಲರ ರೆಕಾರ್ಡಿಗೆ ಉದ್ದೇಶ ಮತ್ತು ವಿಧಾನ ಬರೆಯುವುದು, ಇನ್ನೊಬ್ಬಳು ಕೋಷ್ಟಕ ಗೆರೆ ಹಾಕುವುದು, ಹೀಗೆ. ನನ್ನ ಪಾಲಿಗೆ ಬಂದದ್ದು ಚಿತ್ರ. ಆ ಬೇಸಿಗೆಯಲ್ಲಿ ಹನ್ನೆರಡು ಜನರ ರೆಕಾರ್ಡಿನಲ್ಲಿ ನಾನು ಹನಿಹನಿ ಬಿಡುವ ಅಳತೆಯ ಗಾಜಿನ ಕೊಳವೆ, ಬ್ಯುರೆಟ್ಟಿನ ಚಿತ್ರ ಬರೆದೆ. ಕೈಯಲ್ಲಿ ಬ್ಯುರೆಟ್ ಹಿಡಿದದ್ದು ನಾಲ್ಕೇ ಸಲ.

ಸರ್ ನಮಗೆ ಕೊಟ್ಟ ದಾರಿ ಎಲ್ಲಕ್ಕಿಂತ ಸುಲಭದ್ದು. ಅದರ ಹೆಸರು ಹೊಂದಿಸುವುದು. ಹದಿನಾಲ್ಕು ಪ್ರಯೋಗ ಆಗಬೇಕು, ದಿನ ಇಲ್ಲ. ಆದ್ದರಿಂದ ಬೆಳಿಗ್ಗೆ ಅಟೆಂಡೆನ್ಸ್ ಆದ ಕೂಡಲೇ ಬೋರ್ಡಿನ ಮೇಲೆ ಬರಬೇಕಾದ ಉತ್ತರ ಬರೆದುಬಿಡುತ್ತಿದ್ದರು. ನಾವು ಅಲ್ಲಿಂದ ಹಿಂದಕ್ಕೆ ನಡೆದು ರೀಡಿಂಗು ಹೊಂದಿಸಬೇಕು. ಎಲ್ಲರೂ ಒಂದೇ ಅಂಕಿ ಬರೆಯಬಾರದು, ಅನುಮಾನ ಬರುತ್ತದೆ, ಒಬ್ಬರು ಒಂದು ಹನಿ ಹೆಚ್ಚು, ಒಬ್ಬರು ಒಂದು ಹನಿ ಕಡಿಮೆ ಬರೆಯಬೇಕು ಎಂದು ಅದರಲ್ಲೂ ನಾಜೂಕು ಕಲಿಸಿದ್ದರು. ಹತ್ತು ಗಂಟೆಗೆಲ್ಲ ಗಾಜಿನ ಸಾಮಾನು ಒದ್ದೆಯಾಗದೆಯೇ ಪ್ರಯೋಗ ಮುಗಿದಿರುತ್ತಿತ್ತು. ಸರ್ ಬೀಕರಿನಲ್ಲಿ ಚಹಾ ಕಾಸಿಕೊಂಡು, "ಬಾಳೇವು ಅಂದ್ರೂ ಹೊಂದಿಸ್ಕೊಂಡು ಹೋಗೋದ ಅಲ್ಲೇನ್ರಿ" ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಆಗ ನನಗೆ ಹೇಸಿಗೆ ಅನ್ನಿಸಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಬಿಸಿಲಿನಲ್ಲಿ ಯಾರೋ ಕೊಡೆ ಹಿಡಿದಂತೆ ಅನ್ನಿಸಿತ್ತು.

ಹೊಂದಿಸದೆ ಇದ್ದವಳು ಒಬ್ಬಳೇ, ಹುಲಿಗೆಮ್ಮ. ಹಾಸ್ಟೆಲಿನಲ್ಲಿ ನನ್ನ ಪಕ್ಕದ ಹಾಸಿಗೆಯವಳು. ಊರು ಗಂಗಾವತಿ ಹತ್ತಿರದ ಮರಳಿ. ಅವಳ ತಾಯಿ ಭತ್ತದ ಗದ್ದೆಗಳಲ್ಲಿ ನಾಟಿ ಕೂಲಿ ಮಾಡುತ್ತಿದ್ದಳು. ಸರ್ ನಮ್ಮ ಮನೆಗೆ ಬಂದಂತೆಯೇ ಮರಳಿಗೂ ಹೋಗಿ, ಗದ್ದೆಯ ಬದುವಿನ ಮೇಲೆ ನಿಂತು ಆ ತಾಯಿಯನ್ನು ಒಪ್ಪಿಸಿ ಇವಳನ್ನು ತಂದಿದ್ದರು. ಅವಳು ಪ್ರತಿ ಪ್ರಯೋಗವನ್ನೂ ಕೈಯಾರೆ ಮಾಡುತ್ತಿದ್ದಳು, ಒಂದೊಂದನ್ನು ಮೂರು ಸಲ. ಮೊಣಕಾಲು ಬಗ್ಗಿಸಿ, ಬ್ಯುರೆಟ್ಟಿನ ನೀರಿನ ಮಟ್ಟಕ್ಕೆ ಕಣ್ಣು ಸರಿಯಾಗಿ ತಂದು, ಉಸಿರು ಹಿಡಿದು ಹನಿ ಬಿಡುತ್ತಿದ್ದಳು. ಕೊನೆಯ ಹನಿಯನ್ನಂತೂ ಅರ್ಧ ಮಾಡಿ ಗಾಜಿನ ಕಡ್ಡಿಗೆ ತಾಗಿಸಿ ಇಳಿಸುತ್ತಿದ್ದಳು. ಫ್ಲಾಸ್ಕಿನಲ್ಲಿ ತೆಳುವಾದ ಗುಲಾಬಿ ಬಣ್ಣ ಮೂಡಿ ನಿಂತರೆ ಅದನ್ನು ನನಗೆ ತೋರಿಸದೆ ಬಿಡುತ್ತಿರಲಿಲ್ಲ. ನನಗೋ ಹಸಿವು, ಸೆಕೆ. ಬೇಗ ಬರೆದು ಬಾರೇ ಅಂತ ಬೈಯುತ್ತಿದ್ದೆ.

ಇಷ್ಟು ಒದ್ದಾಟ ಯಾಕೆ ಎಂದು ಒಂದು ದಿನ ಕೇಳಿದ್ದಕ್ಕೆ ಅವಳು ತನ್ನ ತಾಯಿಯ ಮಾತು ಹೇಳಿದಳು.

"ನಾಟಿ ಹಚ್ಚೋವಾಗ ಕೆಲಸ ಕದ್ರ ಅವತ್ತು ಯಾರಿಗೂ ಗೊತ್ತಾಗಾಂಗಿಲ್ಲ. ತಿಂಗಳಿಗೆ ಗದ್ದಿನ ಹೇಳ್ತೈತಿ."

ಇದರ ಫಲವೇನೆಂದರೆ ಮೇ ಮುಗಿಯುವ ಹೊತ್ತಿಗೆ ನಮ್ಮೆಲ್ಲರ ರೆಕಾರ್ಡಿನಲ್ಲಿ ಹದಿನಾಲ್ಕು ಪ್ರಯೋಗ, ಅವಳ ರೆಕಾರ್ಡಿನಲ್ಲಿ ಒಂಬತ್ತು. ಸರ್ ಅವಳಿಗೂ ಗದರಲಿಲ್ಲ. ಉಳಿದ ಐದನ್ನು ಹೊಂದಿಸಿ ಬರೆದುಕೋ ಯವ್ವಾ ಎಂದು ಎರಡು ಮೂರು ಸಲ ಮೆತ್ತಗೆ ಹೇಳಿದರು. ಮಾಡದ್ದನ್ನು ಹೆಂಗ ಬರೀಲ್ರಿ ಸರ್ ಎಂದು ಅವಳೂ ಮೆತ್ತಗೆ ಹೇಳಿದಳು. ಸರ್ ಆ ಮಾತಿಗೆ ನಕ್ಕು ಸಿಂಕಿನ ಕಡೆ ಹೋಗಿ ಉಗುಳಿ ಬಂದರು.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ನಮ್ಮದು ಎರಡನೇ ಬ್ಯಾಚು, ಮಧ್ಯಾಹ್ನ ಎರಡಕ್ಕೆ. ಪರೀಕ್ಷಕರಾಗಿ ಸರ್ ಜೊತೆಗೆ ಬೇರೆ ಕಾಲೇಜಿನವರೊಬ್ಬರೂ ಇದ್ದರು. ಕೊಟ್ಟದ್ದು ಸರಳವಾದ ಪ್ರಯೋಗ. ಫ್ಲಾಸ್ಕಿನಲ್ಲಿ ಎಷ್ಟು ಆಮ್ಲವಿದೆ ಎಂದು ಕಂಡುಹಿಡಿಯಬೇಕು. ಅದಕ್ಕೆ ಬ್ಯುರೆಟ್ಟಿನಿಂದ, ಮೊದಲೇ ಸರಿಯಾದ ಅಳತೆಯಲ್ಲಿ ತಯಾರಿಸಿಟ್ಟ ಕ್ಷಾರದ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಾ ಹೋಗಬೇಕು, ಗುಲಾಬಿ ಬಣ್ಣ ಬಂದಾಗ ನಿಲ್ಲಿಸಬೇಕು. ಕ್ಷಾರ ಎಷ್ಟು ಹಿಡಿಯಿತು ಎಂಬುದರ ಮೇಲೆ ಉತ್ತರ. ಆ ಕ್ಷಾರದ ಅಳತೆ ಸರಿಯಾಗಿದ್ದರೆ ಮಾತ್ರ ಉತ್ತರ ಸರಿ. ಗಡಿಬಿಡಿಯ ಬೇಸಿಗೆ ನೋಡಿ, ಎಲ್ಲರಿಗೂ ಒಂದೇ ಅಳತೆಯ ಆಮ್ಲ ಕೊಟ್ಟಿದ್ದರು. ಬರಬೇಕಾದ ರೀಡಿಂಗು ಒಂಬತ್ತು ಪಾಯಿಂಟ್ ಆರು ಎಂದು ಸರ್ ಹಿಂದಿನ ದಿನವೇ ನಮಗೆಲ್ಲ ತಿಳಿಸಿದ್ದರು.

ನಾನು ಸ್ವಲ್ಪ ಮೊದಲೇ ಬಂದೆ. ಬಾಯಾರಿತ್ತು, ಲ್ಯಾಬಿನ ಹಿಂಬಾಗಿಲಿನಿಂದ ಗಡಿಗೆಯ ಕಡೆ ಹೋದೆ. ಸರ್ ಅಲ್ಲಿದ್ದರು. ಕೈಯಲ್ಲಿ ಆ ಕ್ಷಾರದ ದೊಡ್ಡ ಸೀಸೆ. ಬೆಳಗಿನ ಬ್ಯಾಚಿನಲ್ಲಿ ಖರ್ಚಾಗಿ ಮುಕ್ಕಾಲಿಗಿಂತ ತುಸು ಮೇಲಿತ್ತು. ಅದಕ್ಕೆ ಅವರು ಗಡಿಗೆಯಿಂದ ಹಿತ್ತಾಳೆ ಚೊಂಬಿನಲ್ಲಿ ನೀರು ತೆಗೆದು ಕಂಠದವರೆಗೆ ಸುರಿಯುತ್ತಿದ್ದರು. ಹೊಸದಾಗಿ ತೂಕ ಮಾಡಿ ಕಲಸಲು ಕರೆಂಟಿರಲಿಲ್ಲ, ಶುದ್ಧ ನೀರೂ ಮುಗಿದಿತ್ತು. ಮುಖ್ಯವಾಗಿ, ಹೇಗಿದ್ದರೂ ಎಲ್ಲರೂ ಹೊಂದಿಸುವವರೇ ಎಂದ ಮೇಲೆ ಸೀಸೆಯಲ್ಲಿ ಏನಿದ್ದರೇನು ಎಂದು ಅವರಿಗೆ ಅನ್ನಿಸಿರಬೇಕು. ನಾನು ನೋಡಿದ್ದನ್ನು ಅವರು ನೋಡಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ. ಅದೇ ಚೊಂಬಿನಲ್ಲಿ ಇನ್ನೊಮ್ಮೆ ನೀರು ಮೊಗೆದು ನನ್ನ ಕಡೆ ಚಾಚಿದರು.

"ಬಿಸಲು ಭಾಳ ಐತಿ ಯವ್ವಾ. ಕುಡಿ."

ಕುಡಿದೆ. ಹೋಗಿ ನನ್ನ ಜಾಗದಲ್ಲಿ ನಿಂತುಕೊಂಡೆ.

ನಾವು ಮೊದಲ ಅರ್ಧ ತಾಸಿನಲ್ಲೇ ಒಂಬತ್ತು ಆರು, ಒಂಬತ್ತು ಐದು, ಒಂಬತ್ತು ಏಳು ಎಂದೆಲ್ಲ ಬರೆದು, ತೋರಿಕೆಗೆ ಬ್ಯುರೆಟ್ಟಿನ ತಿರುಪು ತಿರುಗಿಸುತ್ತಾ ನಿಂತಿದ್ದೆವು. ಹುಲಿಗೆಮ್ಮ ನನ್ನ ಎದುರಿನ ಮೇಜಿನಲ್ಲಿದ್ದಳು. ಅವಳು ಮೊದಲು ಹೇಳಿದ್ದೇ ದ್ರಾವಣ ಹಾಲಿನಂತೆ ಮಸುಕಾಗಿದೆ ಎಂದು. ಗಡುಸು ನೀರು ಕ್ಷಾರಕ್ಕೆ ಬಿದ್ದರೆ ಹಾಗಾಗುತ್ತದೆ ಎಂದು ಇವತ್ತು ನಾನು ಎಂಟನೆಯ ಇಯತ್ತೆಯ ಮಕ್ಕಳಿಗೂ ಹೇಳಬಲ್ಲೆ. ಸರ್ ಸೆಕೆಗೆ ಹಾಗಾಗಿದೆ ಎಂದರು. ಅವಳು ಮಾಡಿದಳು. ಹನ್ನೆರಡು ಪಾಯಿಂಟ್ ನಾಲ್ಕು ಬಂತು. ಬ್ಯುರೆಟ್ ತೊಳೆದು ಮತ್ತೆ ಮಾಡಿದಳು, ಹನ್ನೆರಡು ನಾಲ್ಕು. ಆ ಹೊತ್ತಿಗೆ ಅವಳ ಕುಪ್ಪಸ ಬೆನ್ನಿಗಂಟಿ, ಹಣೆಯ ಬೆವರು ಕಣ್ಣಿಗಿಳಿಯುತ್ತಿತ್ತು. ಒರೆಸಿಕೊಳ್ಳಲೂ ಕೈ ಎತ್ತಲಿಲ್ಲ. ಮೂರನೇ ಸಲವೂ ಅದೇ.

ಸರ್ ಅವಳ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ, ಎಲ್ಲರದ್ದೂ ಒಂಬತ್ತು ಆರರ ಸುತ್ತ ಬಂದಿದೆ, ನಿನ್ನದೊಂದೇ ಹೇಗೆ ಬೇರೆ ಬರುತ್ತದೆ ಎಂದು ಕೇಳಿದರು.

"ಮೂರು ಸಲ ಮಾಡೀನ್ರಿ ಸರ್. ಮೂರೂ ಸಲ ಹಂಗ ಬಂತ್ರಿ."

"ನಿನ್ನ ಕೈಯಾಗ ಏನೋ ತಪ್ಪೈತಿ ಯವ್ವಾ. ಎಲ್ಲಾರೂ ಸುಳ್ಳು, ನೀ ಒಬ್ಬಾಕಿ ಖರೇ ಅಂತೇನು?"

ಅವಳು ತಿರುಗಿ ನನ್ನ ಮುಖ ನೋಡಿದಳು. ಎರಡು ವರ್ಷ ಪಕ್ಕದಲ್ಲಿ ಮಲಗಿದವಳು, ನನ್ನ ಕೈಯಲ್ಲಿ ನಿಜ ಇದ್ದರೆ ಕೊಡು ಎನ್ನುವ ಹಾಗೆ ನೋಡಿದಳು. ನಾನು ನನ್ನ ಹಾಳೆಯ ಮೇಲೆ ಕೋಷ್ಟಕದ ಗೆರೆಯನ್ನು ಇನ್ನೊಮ್ಮೆ ತಿದ್ದಿದೆ.

ಅವಳು ಹನ್ನೆರಡು ನಾಲ್ಕು ಎಂದೇ ಬರೆದು ಕೊಟ್ಟಳು. ಪರೀಕ್ಷಕರು ಹಾಳೆ ನೋಡಿ, ಇಷ್ಟು ದೂರದ ಉತ್ತರಕ್ಕೆ ಅಂಕವೇ ಇಲ್ಲ ಎಂದರು. ರೆಕಾರ್ಡೂ ಅಪೂರ್ಣ. ಇಡೀ ತರಗತಿಯಲ್ಲಿ ಪ್ರಾಕ್ಟಿಕಲ್ ಫೇಲಾದವಳು ಅವಳೊಬ್ಬಳೇ. ಗಡಿಗೆಯ ನೀರು ಅವಳೂ ಕುಡಿಯುತ್ತಿದ್ದಳು. ಅದನ್ನು ಮಾತ್ರ ಯಾವ ಭಾಷಣಕಾರನೂ ಹೇಳಲಿಲ್ಲ.

ಮುಂದಿನ ವರ್ಷ ಪರೀಕ್ಷೆಗೆ ಮತ್ತೆ ಕಟ್ಟಬಹುದಿತ್ತು. ಕಟ್ಟಲಿಲ್ಲ. ಹಾಸ್ಟೆಲಿನಿಂದ ಟ್ರಂಕು ಹೊತ್ತು ಹೋಗುವಾಗ ಅವಳು ಯಾರ ಮೇಲೂ ದೂರಲಿಲ್ಲ. ನನ್ನ ಕೈ ವಿಜ್ಞಾನಕ್ಕೆ ಆಗುವಂಥದ್ದಲ್ಲ ಎಂದಳು, ಅಷ್ಟೇ. ನನಗೆ ಕೆಮಿಸ್ಟ್ರಿ ಪ್ರಾಕ್ಟಿಕಲ್‌ನಲ್ಲಿ ಪೂರ್ತಿ ಅಂಕ ಬಂದಿತ್ತು. ಆ ಅಂಕ ಬಿ.ಎಡ್. ಸೀಟಿಗೆ ಬಂತು, ಆಮೇಲೆ ನೌಕರಿಗೂ ಬಂತು. ನನಗೆ ನಾನೇ ಹೇಳಿಕೊಂಡ ಸಮಾಧಾನವೆಂದರೆ, ಅಂದಚಂದವಾಗಿ ರೆಕಾರ್ಡು ಬರೆದದ್ದಕ್ಕೆ ಸಿಕ್ಕಿದ್ದು ಎಂದು.

ಹೈಸ್ಕೂಲಿಗೆ ಸೇರಿದ ಮೊದಲ ವರ್ಷ ಒಂದು ಹುಡುಗಿ ಬ್ಯುರೆಟ್ ಹೇಗೆ ಹಿಡಿಯಬೇಕು ಟೀಚರ್ ಎಂದು ಕೇಳಿದಾಗ ನಾಳೆ ತೋರಿಸುತ್ತೇನೆ ಎಂದೆ. ನನಗೆ ಬರುತ್ತಿದ್ದದ್ದು ಅದನ್ನು ಬರೆಯಲು, ಹಿಡಿಯಲು ಅಲ್ಲ. ಶಾಲೆ ಬಿಟ್ಟ ಮೇಲೆ ಒಬ್ಬಳೇ ಕೂತು, ಹುಲಿಗೆಮ್ಮ ಮೊಣಕಾಲು ಬಗ್ಗಿಸುತ್ತಿದ್ದದ್ದನ್ನು ನೆನೆನೆನೆದು ಕಲಿತೆ. ಹಾಗೆ ಕಲಿಯುತ್ತಿದ್ದಾಗ ಒಂದು ಸಂಜೆ ಸುಮ್ಮನೆ ಪಾಠಯೋಜನೆಯ ಹಾಳೆಯ ಹಿಂದೆ ಲೆಕ್ಕ ಹಾಕಿದೆ. ಒಂಬತ್ತು ಆರು ಬರಬೇಕಾದಲ್ಲಿ ಹನ್ನೆರಡು ನಾಲ್ಕು ಬಂದಿದೆ ಎಂದರೆ ಸೀಸೆಗೆ ಬಿದ್ದ ನೀರೆಷ್ಟು? ಉತ್ತರ ಬಂತು: ಸೀಸೆಯ ಕಾಲುಭಾಗಕ್ಕಿಂತ ತುಸು ಕಡಿಮೆ. ನಾನು ಕಣ್ಣಾರೆ ಕಂಡಷ್ಟೇ. ಅವಳ ಕೈಯಲ್ಲಿ ತಪ್ಪಿದ್ದಿಲ್ಲ. ಅವಳ ಬ್ಯುರೆಟ್ಟು ಸರ್ ಸುರಿದ ಚೊಂಬಿನ ನೀರನ್ನೂ ಅಳೆದು ಇಟ್ಟಿತ್ತು. ಆ ಕೋಣೆಯಲ್ಲಿ ಅವತ್ತು ನಡೆದ ಒಂದೇ ಒಂದು ಪ್ರಯೋಗ ಅದು. ಅದಕ್ಕೇ ಸೊನ್ನೆ ಬಿದ್ದದ್ದು.

ಲೆಕ್ಕ ಹಾಕಿದ ಮೇಲಾದರೂ ಫೋನು ಮಾಡಬಹುದಿತ್ತು. ಮಾಡಲಿಲ್ಲ. ದೀಪಾವಳಿ, ಯುಗಾದಿಗೆ ಮಾತಾಡುತ್ತಿದ್ದೆವು. ಪ್ರತಿ ಸಲವೂ ಮುಂದಿನ ಸಲ ಹೇಳಿದರಾಯಿತು ಅಂದುಕೊಂಡು ಇಡುತ್ತಿದ್ದೆ.

ಸಮಾರಂಭಕ್ಕೆ ಅವಳು ಬಂದಿದ್ದಳು, ಮರಳಿಯಿಂದ ಎರಡು ಬಸ್ಸು ಬದಲಿಸಿ, ಕೈಯಲ್ಲಿ ದುಂಡುಮಲ್ಲಿಗೆಯ ಹಾರ ಹಿಡಿದು. ಈಗ ಅವಳು ಊರಲ್ಲೇ ಅಂಗನವಾಡಿ ಕಾರ್ಯಕರ್ತೆ. ಕೆಲಸ ಹೇಗಿದೆ ಎಂದು ಕೇಳಿದೆ. ಎಲ್ಲ ಛಲೋ ನಡೆದಿದೆ, ಮಕ್ಕಳ ತೂಕ ನೋಡುವಾಗ ಮಾತ್ರ ಸಹಾಯಕಿಯನ್ನು ಕರೆದು ಮುಳ್ಳು ಓದಿಸುತ್ತೇನೆ, ನನ್ನ ಕೈಮೇಲೆ ನನಗೆ ನಂಬಿಕೆ ಇಲ್ಲ ನೋಡು ಎಂದು ನಗುತ್ತಾ ಹೇಳಿದಳು.

ಇಬ್ಬರೂ ಒಟ್ಟಿಗೇ ವೇದಿಕೆಯ ಕೆಳಗೆ ಸರ್ ಹತ್ತಿರ ಹೋದೆವು. ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಕಿನ್ನಾಳದ ಗೊಂಬೆಯೊಂದನ್ನು ಕೈಗೆ ಕೊಟ್ಟು ಕೂರಿಸಿದ್ದರು. ಹುಲಿಗೆಮ್ಮ ಹಾರ ಹಾಕಿ ಕಾಲಿಗೆ ಬಿದ್ದಳು. ನಿಮ್ಮ ಗಡಿಗೆಯ ಹೆಸರು ಕೆಡಿಸಿದವಳು ನಾನೊಬ್ಬಳೇ ಸರ್, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದಳು. ಇಷ್ಟು ವರ್ಷ ಅವಳು ಹೊತ್ತದ್ದು ಅದನ್ನು. ಈಗ ಹೇಳುತ್ತಾರೆ, ಈಗ ಹೇಳದಿದ್ದರೆ ಮನುಷ್ಯರೇ ಅಲ್ಲ ಎಂದು ನಾನು ಅವರ ಬಾಯಿಯನ್ನೇ ನೋಡುತ್ತಾ ನಿಂತೆ. ಸರ್ ಅವಳ ತಲೆಯ ಮೇಲೆ ಕೈಯಿಟ್ಟರು.

"ಇರ್ಲಿ ಬಿಡವ್ವಾ. ಎಲ್ಲಾರ ಕೈ ಒಂದ ನಮೂನಿ ಇರಾಂಗಿಲ್ಲ."

ಅವಳು ಕಣ್ಣೊರೆಸಿಕೊಂಡು ಊಟದ ಪಾಳಿಯ ಕಡೆ ಹೋದಳು. ಸರ್ ನನ್ನನ್ನು ಹತ್ತಿರಕ್ಕೆ ಕರೆದರು. ಬಾಯಲ್ಲಿ ಅದೇ ತಂಬಾಕು, ಕಿಸೆಯಲ್ಲಿ ಅದೇ ಉಳ್ಳಾಗಡ್ಡಿ. ದನಿ ಮಾತ್ರ ಸ್ವಂತ ಮಗಳ ಜೊತೆ ಮಾತಾಡುವಂಥದ್ದು.

"ನೀ ಶಾಣ್ಯಾಕಿ. ಅವತ್ತ ಗಡಿಗಿ ಹಂತ್ಯಾಕ ಎಲ್ಲಾ ನೋಡಿದ್ದಿ. ನೋಡಿ ಸುಮ್ಮನಿದ್ದಿ. ಅದಕ ನಿನಗ ಒಂದ ಮಾರ್ಕ್ಸೂ ಕಡಿಮಿ ಮಾಡ್ಲಿಲ್ಲ ನಾನು."

ಹೊಗಳಿಕೆ ಅದು. ಅವರ ಮಟ್ಟಿಗೆ ನಿಜವಾದ ಹೊಗಳಿಕೆ. ನನ್ನ ಮೈಮೇಲೆ ಆ ಸಿಂಕಿನ ನೀರು ಸುರಿದ ಹಾಗಾಯಿತು. ಊಟಕ್ಕೆ ಗೋಧಿ ಹುಗ್ಗಿ ಇತ್ತು. ಬಡಿಸಿದ ಎಲೆಯನ್ನು ಹಾಗೇ ಮಡಚಿ ಎದ್ದೆ. ಅವರನ್ನು ಕಂಡು ಹೇಸುತ್ತಿದ್ದವಳಿಗೆ ಅವತ್ತು ಗೊತ್ತಾಯಿತು, ನನ್ನ ಅಂಕಪಟ್ಟಿ, ನನ್ನ ನೌಕರಿ, ಮಕ್ಕಳು ನನ್ನನ್ನು ಟೀಚರ್ ಎಂದು ಕರೆಯುವುದು, ಎಲ್ಲವೂ ಆ ಚೊಂಬಿನಿಂದಲೇ ಹೊರಟದ್ದು ಎಂದು. ಅವರು ನೀರು ಸುರಿದರು. ನಾನು ಕುಡಿದೆ.

ಬಸ್‌ಸ್ಟ್ಯಾಂಡಿನಲ್ಲಿ, ಗಂಗಾವತಿ ಬಸ್ಸು ಬರುವ ಮೊದಲು, ಹುಲಿಗೆಮ್ಮನಿಗೆ ಎಲ್ಲ ಹೇಳಿದೆ. ಸೀಸೆ, ಚೊಂಬು, ನಾನು ನಿಂತಿದ್ದ ಜಾಗ, ಯಾವುದನ್ನೂ ಬಿಡಲಿಲ್ಲ. ಅವಳು ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದುಕೊಂಡಿದ್ದೆ. ಮೊದಲು ಕೇಳಿದ್ದು ನೀರು ಎಷ್ಟು ಹಾಕಿದರು ಎಂದು. ಕಾಲುಭಾಗಕ್ಕೆ ಕಡಿಮೆ ಎಂದೆ. ಅವಳು ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸಿ, ತುಟಿಯಲ್ಲೇ ಲೆಕ್ಕ ಮಾಡಿದಳು. ಗುಲಾಬಿ ಬಣ್ಣ ನಿಂತಾಗ ಬರುತ್ತಿದ್ದ ಆ ಹಳೆಯ ನಗು ಒಂದು ಕ್ಷಣ ಮುಖದ ಮೇಲೆ ಬಂತು.

"ಹಂಗಾದ್ರ ಸರಿ ಐತಿ. ಹನ್ನೆರಡು ನಾಕ ಬರ್ಬೇಕು."

ಆಮೇಲೆ ಎರಡೂ ಅಂಗೈಗಳನ್ನು ಮಡಿಲಲ್ಲಿ ಬಿಚ್ಚಿಟ್ಟುಕೊಂಡು ನೋಡುತ್ತಾ ಕೂತಳು.

"ಇಷ್ಟು ವರ್ಷ ಈ ಕೈಗೆ ಬೈದೀನಲ್ಲ ನಾನು."

ಬಸ್ಸು ಬಂತು. ಅವಳು ಚೀಲ ಹೆಗಲಿಗೇರಿಸಿ ಎದ್ದು, ಮೆಟ್ಟಿಲ ಮೇಲೆ ಕಾಲಿಟ್ಟವಳು ತಿರುಗಿ ನಿಂತಳು.

"ಅವರು ಬಿಡು, ಮುದುಕ್ರಾಗ್ಯಾರ. ನೀ ಅವತ್ತ ಎಷ್ಟ ಬರದಿದ್ದಿ?"

"ಒಂಬತ್ತು ಆರು."

"ಹೂಂ" ಎಂದು ಒಳಗೆ ಹೋದಳು. ಕಿಟಕಿಯ ಸೀಟು ಸಿಕ್ಕಿತು. ಬಸ್ಸು ತಿರುವು ದಾಟುವವರೆಗೂ ಅವಳು ಈ ಕಡೆ ನೋಡಲಿಲ್ಲ. ಅವತ್ತಿನಿಂದ ಅವಳಿಂದ ಫೋನಿಲ್ಲ. ನಾನು ಮಾಡಿದರೆ ಎತ್ತುವುದೂ ಇಲ್ಲ. ಎತ್ತಬೇಕೆಂದು ಕೇಳುವ ಹಕ್ಕು ನನಗಿಲ್ಲ.

ಸಂಚಿಕೆಯವರಿಗೆ ಇದನ್ನೇ ಕಳಿಸುತ್ತಿದ್ದೇನೆ. ಹಾಕದಿದ್ದರೆ ಬಿಡಲಿ. ಹಾಕುವುದಾದರೆ ಸರ್‌ಗೆ ನೋವಾಗದಂತೆ ಅಲ್ಲಲ್ಲಿ ತಿದ್ದಿಕೊಳ್ಳಲಿ, ಉಳ್ಳಾಗಡ್ಡಿ, ಸಿಂಕು ತೆಗೆದುಹಾಕಲಿ, ಪುಟಕ್ಕೆ ಹೊಂದುವಷ್ಟು ಹೊಂದಿಸಿಕೊಳ್ಳಲಿ. ಒಂದನ್ನು ಮಾತ್ರ ಮುಟ್ಟಬಾರದು. ಹುಲಿಗೆಮ್ಮನ ರೀಡಿಂಗು ಹನ್ನೆರಡು ಪಾಯಿಂಟ್ ನಾಲ್ಕು. ಮೂರೂ ಸಲ.